ಯಾವ ಮಾತ್ರೆ ಯಾವಾಗ?

ಮಂಡ್ಯ ತಾಲ್ಲೂಕಿನ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಸರ್ಕಾರಿ ಆಸ್ಪತ್ರೆಗಳ ಗುಣಮಟ್ಟ ಅಳೆಯುವ ಎನ್‌ಕ್ವಾಸ್ ತಂಡ ಬರುತ್ತದೆ ಎಂಬ ಸುದ್ದಿಯ ಬೆನ್ನಿಗೇ ಬಂದದ್ದು ಸುಣ್ಣ. ಗೋಡೆಗೆ ಬಳಿದರು, ಕಾಂಪೌಂಡಿಗೆ ಬಳಿದರು, ಬೇವಿನ ಮರದ ಬುಡವನ್ನೂ ಬಿಡಲಿಲ್ಲ. ಆರೋಗ್ಯ ರಕ್ಷಾ ಸಮಿತಿಯ ಸದಸ್ಯನೆಂದು ನನಗೂ ಕರೆ ಬಂದಿತ್ತು. ಇನ್‌ಸ್ಪೆಕ್ಟರ್ ಬರುವ ದಿನ ಶಾಲೆ ಹೇಗೆ ಮೈಕೈ ತೊಳೆದುಕೊಂಡು ನಿಲ್ಲುತ್ತದೆಂದು ಸೇವೆಯುದ್ದಕ್ಕೂ ಕಂಡ ಮೇಷ್ಟ್ರು ನಾನು; ಇದೂ ಅದೇ ನಾಟಕ ಎಂದುಕೊಂಡೇ ಹೋದೆ.

ಎನ್‌ಕ್ವಾಸ್ ಎಂದರೆ 2013ರಲ್ಲಿ ಕೇಂದ್ರ ಸರ್ಕಾರ ತಂದ ಗುಣಮಟ್ಟದ ಮಾನದಂಡ. ಎಂಟು ವಿಭಾಗಗಳು, ಪ್ರತಿ ಅಂಶಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕ. ಕಣ್ಣಾರೆ ನೋಡಬೇಕು, ಸಿಬ್ಬಂದಿಯನ್ನು ಕೇಳಬೇಕು, ದಾಖಲೆ ತಿರುವಬೇಕು, ರೋಗಿಗಳನ್ನೂ ಮಾತನಾಡಿಸಬೇಕು. ಬಂದ ಇಬ್ಬರಲ್ಲಿ ಹಿರಿಯರಾದ ವೈದ್ಯೆ ಸುಣ್ಣದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನೇರವಾಗಿ ಲಸಿಕೆಯ ಫ್ರಿಜ್ ಬಳಿ ನಿಂತರು. ಅದರ ಉಷ್ಣಾಂಶ 2ರಿಂದ 8 ಡಿಗ್ರಿಯೊಳಗೆ ಇರಬೇಕು, ಬೆಳಿಗ್ಗೆ ಸಂಜೆ ಎರಡು ಹೊತ್ತು ಬರೆದಿಡಬೇಕು. ಬರೆದಿದ್ದರು. ಹನ್ನೊಂದು ಗಂಟೆಗೇ ಆ ದಿನದ ಸಂಜೆಯದನ್ನೂ ಬರೆದಿದ್ದರು! ಆಕೆ ಗದರಲಿಲ್ಲ. ಆ ಅಂಕಿಯ ಸುತ್ತ ಪೆನ್ಸಿಲಿನಿಂದ ಒಂದು ವೃತ್ತ ಎಳೆದು ಮುಂದೆ ಹೋದರು.

ಬಿ.ಪಿ. ನೋಡುವಲ್ಲಿ ಬಹಳ ಹೊತ್ತು ನಿಂತರು. ಸರದಿಯಲ್ಲಿ ನಿಂತು ಬಂದವರನ್ನು ಕೂರಿಸಿದ ಕೂಡಲೇ, ರವಿಕೆಯ ತೋಳಿನ ಮೇಲೆಯೇ ಪಟ್ಟಿ ಸುತ್ತಿ, ಊರ ಸುದ್ದಿ ಕೇಳುತ್ತಲೇ ಸಿಸ್ಟರ್ ಗಾಳಿ ತುಂಬುತ್ತಿದ್ದರು. ‘ಐದು ನಿಮಿಷ ಸುಮ್ಮನೆ ಕೂರಿಸಿ. ಬರಿಯ ತೋಳಿಗೆ ಸುತ್ತಿ, ಕೈ ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ. ಇಲ್ಲದಿದ್ದರೆ ಇಲ್ಲದ ಬಿ.ಪಿ.ಗೆ ಮಾತ್ರೆ ಕೊಡುತ್ತೀರಿ’ ಎಂದರು.

ಆಮೇಲೆ ರೋಗಿಗಳ ಸರದಿ. ಜೊತೆಯಲ್ಲಿ ಬಂದಿದ್ದ ಕಿರಿಯರು ಎಲ್ಲರಿಗೂ ಒಂದೇ ಪ್ರಶ್ನೆ ಹಾಕುತ್ತಿದ್ದರು: ‘ಇಲ್ಲಿ ಚೆನ್ನಾಗಿ ನೋಡಿಕೊಳ್ಳುತ್ತಾರಾ?’ ಎಲ್ಲರದ್ದೂ ಒಂದೇ ಉತ್ತರ: ‘ದೇವರಂಥವರು ಸ್ವಾಮಿ.’ ನಾಳೆ ಅದೇ ಸಿಸ್ಟರ್ ಕೈಯಲ್ಲಿ ಸೂಜಿ ಹಾಕಿಸಿಕೊಳ್ಳಬೇಕಾದವರು ಇನ್ನೇನು ಹೇಳಿಯಾರು? ಪುಕ್ಕಟೆ ಔಷಧ ಕೊಟ್ಟವರನ್ನು ದೂರುವುದು ನಮ್ಮ ಕಡೆ ಮರ್ಯಾದೆಯೂ ಅಲ್ಲ. ಆ ಕಾಲಂ ಪೂರ್ತಿ ಎರಡೆರಡು ಅಂಕ ತುಂಬಿತು.

ಹಿರಿಯ ವೈದ್ಯೆ ಹಾಗೆ ಕೇಳಲೇ ಇಲ್ಲ. ಔಷಧ ಪಡೆದು ಹೊರಟಿದ್ದ ಅಜ್ಜಿಯ ಪಕ್ಕದಲ್ಲಿ ಬೆಂಚಿನ ಮೇಲೆ ಕುಳಿತು, ‘ಅಜ್ಜಿ, ಯಾವ ಮಾತ್ರೆ ಯಾವಾಗ ನುಂಗುತ್ತೀರಿ, ತೋರಿಸಿ’ ಎಂದರು. ಅಜ್ಜಿ ಸೆರಗಿನ ಗಂಟು ಬಿಚ್ಚಿದರು. ಎಲೆ ಅಡಿಕೆಯ ಜೊತೆ ಎರಡು ಪಟ್ಟಿ ಮಾತ್ರೆ. ‘ದೊಡ್ಡದು ಸಕ್ಕರೆ ಕಾಯಿಲೆಗೆ, ಊಟ ಆದ ಮೇಲೆ. ಚಿಕ್ಕದು ಬಿ.ಪಿ.ಗೆ, ದಿನ ಬಿಟ್ಟು ದಿನ.’

‘ದಿನ ಬಿಟ್ಟು ದಿನ ಎಂದು ಯಾರು ಹೇಳಿದರು?’

‘ಯಾರೂ ಇಲ್ಲ ತಾಯಿ. ಹಾಗೆ ನುಂಗಿದರೆ ಒಂದು ತಿಂಗಳದ್ದು ಎರಡು ತಿಂಗಳು ಬರುತ್ತದೆ. ಇಲ್ಲಿಗೆ ಬಂದರೆ ಒಂದು ದಿನದ ಕೂಲಿ ಹೋಯಿತಲ್ಲ.’

ಬಾಗಿಲಲ್ಲಿ ನಿಂತಿದ್ದ ನಮ್ಮ ವೈದ್ಯಾಧಿಕಾರಿಯ ಮುಖ ನೋಡಬೇಕಿತ್ತು. ಈ ಅಜ್ಜಿಯ ಬಿ.ಪಿ. ಇಳಿಯದೆಂದು ಹಿಂದಿನ ಸಲವೇ ಅವರು ಮಾತ್ರೆಯ ಪ್ರಮಾಣ ಹೆಚ್ಚಿಸಿದ್ದರು. ಒಳ್ಳೆಯ ಹುಡುಗ, ಕೆಲಸಗಳ್ಳನಲ್ಲ. ಆದರೆ ಬೆಳಗಿನ ಹೊತ್ತು ಆ ಕೋಣೆಯ ಮುಂದಿನ ಸಾಲು ನೋಡಿದವರಿಗೆ, ಒಬ್ಬೊಬ್ಬರಿಗೂ ಈ ಪ್ರಶ್ನೆ ಕೇಳಲು ಅವರಿಗೆ ವ್ಯವಧಾನ ಎಲ್ಲಿಂದ ಬರಬೇಕು ಎಂದು ಅನ್ನಿಸದಿರದು. ಮಾತ್ರೆ ಕೊಡುವ ಕಿಟಕಿಯಲ್ಲಾದರೂ ಕೇಳಬಹುದಿತ್ತು. ಅಲ್ಲಿ ಪಟ್ಟಿಯ ಮೇಲೆ ‘1-0-0’ ಎಂದು ಗೀಚಿ ಕೊಡುತ್ತಾರೆ; ದಿನಾ ಬೆಳಿಗ್ಗೆ ಒಂದು, ಮಧ್ಯಾಹ್ನ ರಾತ್ರಿ ಬೇಡ ಎಂದರ್ಥ. ಓದು ಬಾರದವರಿಗೆ ಅದು ಬರಿಯ ಗೀಚು.

ಔಷಧದ ವಿವರ ರೋಗಿಗೆ ತಿಳಿಸಿದ್ದಾರೆಯೇ ಎಂಬ ಸಾಲಿಗೆ ಒಂದು ಅಂಕ ಬಿತ್ತು. ವೈದ್ಯಾಧಿಕಾರಿ ಎರಡಕ್ಕಾಗಿ ವಾದಿಸಲಿಲ್ಲ. ಅಜ್ಜಿಯ ಊರಿನ ಉಪಕೇಂದ್ರದಲ್ಲೇ ಮಾತ್ರೆ ಸಿಗುವಂತೆ ಮಾಡಬಹುದೇ ಎಂದು ಆಶಾ ಕಾರ್ಯಕರ್ತೆಗೆ ಆಗಲೇ ಫೋನ್ ಹಚ್ಚಿದ್ದರು.