ಲಸಿಕೆ ಪೋಲಿನ ಲೆಕ್ಕದಲ್ಲಿ ಬಿಟ್ಟುಹೋದ ಕಾಲಂ

2021ರ ಮಾರ್ಚ್ 17ರಂದು ಕೇಂದ್ರ ಆರೋಗ್ಯ ಕಾರ್ಯದರ್ಶಿ ಕೋವಿಡ್ ಲಸಿಕೆ ಪೋಲಿನ ಪಟ್ಟಿ ಮುಂದಿಟ್ಟರು. ತೆಲಂಗಾಣ ಶೇ 17.6, ಆಂಧ್ರ ಶೇ 11.6, ಉತ್ತರ ಪ್ರದೇಶ ಶೇ 9.4, ನಮ್ಮ ಕರ್ನಾಟಕ ಶೇ 6.9. ದೇಶದ ಸರಾಸರಿ ಶೇ 6.5. ಮೇ ತಿಂಗಳ ಪಟ್ಟಿಯಲ್ಲಿ ಜಾರ್ಖಂಡ್ ಶೇ 37.3ಕ್ಕೆ ಏರಿತ್ತು. ಆ ರಾಜ್ಯ ಸರ್ಕಾರ ತಕ್ಷಣ ಎದ್ದುನಿಂತು, ನಮ್ಮದು ಶೇ 4.65 ಮಾತ್ರ ಎಂದಿತು. ಅಲ್ಲಿಂದ ಜಗಳ ಪೂರ್ತಿ ರಾಜಕೀಯಕ್ಕೆ ಹೊರಳಿತು. ಯಾರ ಬೇಜವಾಬ್ದಾರಿ, ಯಾರ ಸುಳ್ಳು ಎಂಬುದೇ ಚರ್ಚೆ. ಬಾಟಲಿಯ ಒಳಗೆ ಏನು ನಡೆಯುತ್ತದೆ ಎಂದು ಕೇಳಿದವರು ಕಡಿಮೆ.

ಬಾಟಲಿಯಿಂದಲೇ ಶುರು ಮಾಡೋಣ. ಕೋವಿಶೀಲ್ಡ್‌ನ ಒಂದು ಬಾಟಲಿಯಲ್ಲಿ 10 ಡೋಸ್, ಒಬ್ಬರಿಗೆ 0.5 ಮಿ.ಲೀ. ಕೋವ್ಯಾಕ್ಸಿನ್ ಮೊದಲು 20 ಡೋಸ್‌ನ ಬಾಟಲಿಯಲ್ಲಿ ಬಂತು, ಆಮೇಲೆ 10ಕ್ಕೆ ಇಳಿಯಿತು. ಎರಡನ್ನೂ ಇಡಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ. ಆಗಿನ ನಿಯಮದಂತೆ, ಒಮ್ಮೆ ಸೂಜಿ ಚುಚ್ಚಿದ ಮೇಲೆ ನಾಲ್ಕು ಗಂಟೆ, ಅಷ್ಟೇ. ಕೋವಿಶೀಲ್ಡ್‌ನಲ್ಲಿ ಸಂರಕ್ಷಕ ರಾಸಾಯನಿಕ ಇಲ್ಲ. ರಬ್ಬರ್ ಮುಚ್ಚಳಕ್ಕೆ ಪ್ರತಿ ಸಲ ಸೂಜಿ ಇಳಿದಾಗಲೂ ಸೂಕ್ಷ್ಮಜೀವಿ ಒಳಹೋಗುವ ಅಪಾಯ ಇದ್ದೇ ಇರುತ್ತದೆ. ಹಾಗಾಗಿ ತೆರೆದ ತಕ್ಷಣ ಲೇಬಲ್ ಮೇಲೆ ದಿನಾಂಕ, ಸಮಯ ಬರೆಯಬೇಕು. ಬೆಳಿಗ್ಗೆ 11.30 ಎಂದು ಬರೆದಿದ್ದರೆ ಮಧ್ಯಾಹ್ನ 3.30ಕ್ಕೆ ಉಳಿದದ್ದೆಲ್ಲ ಕಸ. ಎರಡು ಬಾಟಲಿಗಳ ಉಳಿಕೆಯನ್ನು ಕೂಡಿಸಿ ಒಂದು ಡೋಸ್ ಮಾಡುವಂತಿಲ್ಲ. ಆ ನಿಯಮದಲ್ಲಿ ರಾಜಿಯೇ ಇಲ್ಲ.

ಈಗ ಲೆಕ್ಕ. ಹಳ್ಳಿಯ ಆರೋಗ್ಯ ಉಪಕೇಂದ್ರಕ್ಕೆ ಒಂದು ದಿನ 25 ಜನ ಬಂದರು ಅಂದುಕೊಳ್ಳಿ. ಮೂರು ಬಾಟಲಿ ತೆರೆಯಲೇಬೇಕು. ಉಳಿದದ್ದು 5 ಡೋಸ್, 30ರಲ್ಲಿ 5, ಅಂದರೆ ಶೇ 16.7. ಅದೇ ದಿನ ಪಟ್ಟಣದ ದೊಡ್ಡ ಕೇಂದ್ರಕ್ಕೆ 305 ಜನ ಬಂದರೆ 31 ಬಾಟಲಿ ಬೇಕು. ಅಲ್ಲೂ ಉಳಿಯುವುದು 5 ಡೋಸ್, ಆದರೆ ಶೇ 1.6. ಇಬ್ಬರು ಸಿಸ್ಟರ್‌ಗಳೂ ಒಂದೇ ಶ್ರದ್ಧೆಯಿಂದ ಕೆಲಸ ಮಾಡಿದ್ದಾರೆ, ಚೆಲ್ಲಿದ್ದೂ ಅಷ್ಟೇ. ಪಟ್ಟಿಯಲ್ಲಿ ಮಾತ್ರ ಹಳ್ಳಿಯವರು ಹತ್ತು ಪಟ್ಟು ಕೆಟ್ಟವರಾಗಿ ಕಾಣುತ್ತಾರೆ. ಶೇಕಡಾವಾರು ಅಂಕಿ ಬಹುಪಾಲು ಅಳೆದದ್ದು ಊರಿನ ಗಾತ್ರವನ್ನು, ಜನರ ಹಿಂಜರಿಕೆಯನ್ನು. ಲಸಿಕೆಗೆ ಜನ ಹೆದರುತ್ತಿದ್ದ ಮೊದಲ ವಾರಗಳಲ್ಲಿ ಪೋಲು ಹೆಚ್ಚಾಗುವುದು ಸಹಜವೇ ಆಗಿತ್ತು.

ಸಿಸ್ಟರ್‌ಗಳ ಕೈಚಳಕಕ್ಕೆ ಬೆಲೆಯೇ ಇಲ್ಲ ಎನ್ನುತ್ತಿಲ್ಲ. ಇದೆ, ಬಹಳ ಇದೆ. ಲಸಿಕಾ ಕಾರ್ಯಕ್ರಮದಲ್ಲಿ ಬಳಸುವುದು 0.5 ಮಿ.ಲೀ.ನ ಎಡಿ (ಆಟೊ ಡಿಸೇಬಲ್) ಸಿರಿಂಜ್. ಪಿಸ್ಟನ್ ಒಮ್ಮೆ ಎಳೆದು ಒತ್ತಿದರೆ ಲಾಕ್ ಆಗುತ್ತದೆ, ಮರುಬಳಕೆ ಆಗಲೇಬಾರದು ಎಂದು ಹಾಗೆ ಮಾಡಿದ್ದಾರೆ. ಸಾಮಾನ್ಯ ಸಿರಿಂಜ್‌ನಲ್ಲಿ ಮೊದಲು ಗಾಳಿ ಎಳೆದು ಬಾಟಲಿಗೆ ತುಂಬುವ ಅಭ್ಯಾಸ ಇದ್ದವರು ಇಲ್ಲಿ ಹಾಗೆ ಮಾಡಿದರೆ ಸಿರಿಂಜ್ ಅಲ್ಲೇ ಕೆಟ್ಟಿತು. ಗಾಳಿ ತುಂಬದ ಕಾರಣ ಡೋಸ್ ಕಡಿಮೆಯಾಗುತ್ತಾ ಬಾಟಲಿಯೊಳಗೆ ಒತ್ತಡ ಇಳಿಯುತ್ತದೆ, ಕೊನೆಯ ಡೋಸ್‌ಗಳನ್ನು ಎಳೆಯುವುದು ಕಷ್ಟ. ಆಗ ಬಾಟಲಿಯನ್ನು ತಲೆಕೆಳಗೆ ಹಿಡಿದು, ಸೂಜಿಯನ್ನು ಹಿಂದಕ್ಕೆ ಎಳೆದು, ಅದರ ತುದಿ ರಬ್ಬರ್‌ನ ಒಳಬದಿಯ ಪಕ್ಕದಲ್ಲೇ, ದ್ರವದ ಒಳಗೇ ನಿಲ್ಲುವಂತೆ ನೋಡಿಕೊಳ್ಳಬೇಕು. ಸೂಜಿ ಆಳಕ್ಕೆ ಹೋದರೆ ತುದಿ ದ್ರವದ ಮೇಲೆ ಹೋಗಿ ಬರೀ ಗಾಳಿ ಬರುತ್ತದೆ. ಸಿರಿಂಜ್‌ನಲ್ಲಿ ಗುಳ್ಳೆ ಕಂಡರೆ ಬೆರಳಿನಿಂದ ತಟ್ಟಿ ಮೇಲೆ ತಂದು, ಮೆಲ್ಲಗೆ 0.5ರ ಗೆರೆಗೆ ತಂದು ನಿಲ್ಲಿಸಬೇಕು. ಅವಸರದಲ್ಲಿ ಒತ್ತಿ ಪ್ರತಿ ಸಲ 0.05 ಮಿ.ಲೀ. ಚೆಲ್ಲಿದರೆ ಹತ್ತು ಸಲಕ್ಕೆ ಒಂದು ಪೂರ್ತಿ ಡೋಸ್ ಹೋಯಿತು.

ಹಾಗೆಯೇ, ಕೋವಿಶೀಲ್ಡ್ ಬಾಟಲಿಯನ್ನು ಕುಲುಕಬಾರದು. ಕೋವ್ಯಾಕ್ಸಿನ್ ಅನ್ನು ಕುಲುಕಲೇಬೇಕು, ಅದರ ಅಲ್ಯೂಮಿನಿಯಂ ಲವಣ ತಳಕ್ಕೆ ಇಳಿಯುತ್ತದೆ. ಫ್ರೀಜರ್‌ನಿಂದ ತೆಗೆದ ಐಸ್‌ಪ್ಯಾಕನ್ನು ಹಾಗೇ ಲಸಿಕೆ ಒಯ್ಯುವ ಪೆಟ್ಟಿಗೆಗೆ, ಅಂದರೆ ಕ್ಯಾರಿಯರ್‌ಗೆ ಹಾಕಿದರೆ ಲಸಿಕೆ ಹೆಪ್ಪುಗಟ್ಟಿ ಹಾಳಾಗುತ್ತದೆ. ಹೊರಗಿಟ್ಟು, ಅಲ್ಲಾಡಿಸಿದಾಗ ಒಳಗೆ ನೀರು ಗುಳುಗುಳು ಎನ್ನುವವರೆಗೆ ಕಾಯಬೇಕು.

ಬಾಟಲಿಯಲ್ಲಿ 5 ಮಿ.ಲೀ.ಗಿಂತ ತುಸು ಹೆಚ್ಚು ತುಂಬಿರುತ್ತಾರೆ. ಎಡಿ ಸಿರಿಂಜ್‌ನ ಸೂಜಿ ಬುಡದಲ್ಲಿ ದ್ರವ ಉಳಿಯುವುದು ಕಡಿಮೆ. ಎರಡೂ ಸೇರಿ, ಕೈ ಪಳಗಿದವರಿಗೆ ಹನ್ನೊಂದನೇ ಡೋಸ್ ಸಿಗುತ್ತದೆ. ಕೇರಳದ ನರ್ಸ್‌ಗಳು ಮಾಡಿ ತೋರಿಸಿದ್ದು ಇದನ್ನೇ. 2021ರ ಮೇ ಮೊದಲ ವಾರದ ಹೊತ್ತಿಗೆ ಬಂದದ್ದು 73,38,806 ಡೋಸ್, ಕೊಟ್ಟದ್ದು 74,26,164. ಹೆಚ್ಚುವರಿ 87,358. ಅವರಿಗೆ ಸಿಕ್ಕ ಮೆಚ್ಚುಗೆ ನ್ಯಾಯವಾದದ್ದು. ಆದರೆ ಆ ಸಾಧನೆಯನ್ನೇ ಅಳತೆಗೋಲು ಮಾಡಿ ಉಳಿದವರ ತಲೆಗೆ ಕುಟ್ಟಿದ್ದು ತಪ್ಪು. ಹನ್ನೊಂದನೆಯದು ಸಿಗಬೇಕಾದರೆ ಮೊದಲು ಹನ್ನೊಂದು ಜನ ಎದುರಿಗಿರಬೇಕು.

2021ರ ಜೂನ್‌ನಲ್ಲಿ ಕೇಂದ್ರ ಹೊಸ ಮಾರ್ಗಸೂಚಿ ತಂದಿತು: ಜನಸಂಖ್ಯೆ, ಸೋಂಕಿನ ಹೊರೆ, ಲಸಿಕೆಯ ಪ್ರಗತಿ ನೋಡಿ ಹಂಚಿಕೆ, ಪೋಲು ಮಾಡಿದರೆ ಹಂಚಿಕೆಗೆ ಪೆಟ್ಟು. ಮೂಲ ಯೋಜನೆಯಲ್ಲೇ ಶೇ 10 ಪೋಲನ್ನು ಲೆಕ್ಕ ಹಿಡಿದಿದ್ದರು, ಅದು ಮರೆತೇಹೋಯಿತು. ಈ ಒತ್ತಡ ಜಿಲ್ಲೆ, ತಾಲ್ಲೂಕು ದಾಟಿ ಕೊನೆಗೆ ಬೀಳುವುದು ಕ್ಯಾರಿಯರ್ ಪಕ್ಕ ಕುಳಿತ ಸಿಸ್ಟರ್ ಮೇಲೆ. ಮಧ್ಯಾಹ್ನ ಮೂರು ಗಂಟೆಗೆ ಕೂಲಿ ಬಿಟ್ಟು ಇಬ್ಬರು ಬಂದಿದ್ದಾರೆ, ಹೊಸ ಬಾಟಲಿ ತೆರೆದರೆ ಎಂಟು ಡೋಸ್ ಪೋಲು, ನಾಳೆ ನೋಟಿಸ್. ತೆರೆಯದಿದ್ದರೆ ಯಾರೂ ಕೇಳುವುದಿಲ್ಲ. ‘ಹತ್ತು ಜನ ಸೇರಲಿ, ಆಮೇಲೆ ಬನ್ನಿ’ ಎನ್ನುವುದೇ ಅವರಿಗೆ ಸುರಕ್ಷಿತ.

ಲಸಿಕೆಯ ಅಭಾವ ಇದ್ದ ಏಪ್ರಿಲ್, ಮೇ ತಿಂಗಳಲ್ಲಿ ಒಂದೊಂದು ಡೋಸನ್ನೂ ಕಾಪಾಡಬೇಕಿತ್ತು, ನಿಜ. ಅದಕ್ಕೆ ದಾರಿ ಬೇರೆ ಇತ್ತು: ಆಶಾ ಕಾರ್ಯಕರ್ತೆಯ ಕೈಯಲ್ಲಿ ಕಾಯುವವರ ಪಟ್ಟಿ, ಕೊನೆಯ ಬಾಟಲಿ ತೆರೆಯುವ ಮುನ್ನ ಹತ್ತಿರದವರಿಗೆ ಫೋನ್. 18–44ರವರಿಗೆ ಸರ್ಕಾರಿ ಕೇಂದ್ರಗಳಲ್ಲಿ ಸ್ಥಳದಲ್ಲೇ ನೋಂದಣಿಗೆ ಅವಕಾಶ ಸಿಕ್ಕಿದ್ದು ಮೇ 24ಕ್ಕೆ. ಅಲ್ಲಿಯವರೆಗೆ ಅವರಿಗೆ ಕೋವಿನ್‌ನಲ್ಲಿ ಮೊದಲೇ ಸ್ಲಾಟ್ ಬೇಕಿತ್ತು. ಸ್ಲಾಟ್ ಹಿಡಿದವರು ಬರದಿದ್ದರೆ ಬಾಗಿಲಲ್ಲೇ ನಿಂತ ಯುವಕನಿಗೆ ಕೊಡುವಂತಿರಲಿಲ್ಲ.

ಮಕ್ಕಳ ಲಸಿಕೆಯಲ್ಲಿ ನಮ್ಮದೇ ದೇಶ ಈ ಪಾಠ ಎಂದೋ ಕಲಿತಿದೆ. ಬಿಸಿಜಿಗೆ ಒಂದೇ ಮಗು ಬಂದರೂ ಬಾಟಲಿ ತೆರೆಯಬೇಕು. ಅರ್ಧದಷ್ಟು ಪೋಲಾಗುತ್ತದೆ ಎಂದು ಒಪ್ಪಿಕೊಂಡೇ ಬೇಡಿಕೆ ಪಟ್ಟಿ ತಯಾರಾಗುತ್ತದೆ.

ನಿಜವಾಗಿ ತಲೆಬಿಸಿ ಮಾಡಿಕೊಳ್ಳಬೇಕಾದದ್ದು ತೆರೆಯದ ಬಾಟಲಿಯ ಪೋಲಿಗೆ: ಹೆಪ್ಪುಗಟ್ಟಿದ್ದು, ಒಡೆದದ್ದು, ಅವಧಿ ಮುಗಿದದ್ದು. ಅದು ಸೊನ್ನೆಯ ಹತ್ತಿರ ಇರಬೇಕು. ಚರ್ಚೆಯಲ್ಲಿ ಎರಡನ್ನೂ ಕಲಸಿ ಒಂದೇ ಅಂಕಿ ಮಾಡಿದರು. ಮುಂದಿನ ಸಾಂಕ್ರಾಮಿಕಕ್ಕೆ ರಿಜಿಸ್ಟರ್ ಸಿದ್ಧಪಡಿಸುವಾಗ ತೆರೆದ ಬಾಟಲಿಯ ಪೋಲಿಗೊಂದು ಕಾಲಂ, ತೆರೆಯದ ಬಾಟಲಿಯದಕ್ಕೊಂದು ಕಾಲಂ ಇರಲಿ. ಅವುಗಳ ಪಕ್ಕದಲ್ಲೇ ಮೂರನೆಯದೂ ಬೇಕು: ಇವತ್ತು ಬಂದು ಲಸಿಕೆ ಸಿಗದೆ ವಾಪಸ್ ಹೋದವರು ಎಷ್ಟು ಜನ.