ಮೆಟ್ಟಿಲ ಕೆಳಗಿನ ಕಪಾಟು

ನಿನ್ನೆ ಸಂಜೆ ಚಿಕ್ಕಮಗಳೂರಲ್ಲಿ ಒಂದೇ ಸಮ ಮಳೆ. ಕರೆಂಟೂ ಇರಲಿಲ್ಲ. ಹಾಸನದಿಂದ ಭಾವ ಬಂದಿದ್ದರು. ಮೆಟ್ಟಿಲ ಕೆಳಗಿನ ಕತ್ತಲೆ ಕಪಾಟಿನಿಂದ ಶಿಮೇ ಬ್ಲೂ ಬಿಯರ್ ತೆಗೆದೆ. ಬೆಲ್ಜಿಯಂನದು, 9% ಆಲ್ಕೋಹಾಲ್. ಮೂರು ವರ್ಷದ ಹಿಂದೆ ಬೆಂಗಳೂರಿಂದ ಎರಡು ಬಾಟಲಿ ತಂದಿದ್ದೆ. ಒಂದನ್ನು ಆ ವಾರವೇ ಭಾವ, ನಾನು ಇಬ್ಬರೂ ಕುಡಿದೆವು. ಇನ್ನೊಂದರ ಕುತ್ತಿಗೆಗೆ ಪೇಪರ್ ಟೇಪ್ ಸುತ್ತಿ ತಾರೀಕು ಬರೆದಿಟ್ಟಿದ್ದೆ.

ಈ ಬಿಯರ್‌ನಲ್ಲಿ ಈಸ್ಟ್ ಬಾಟಲಿಯೊಳಗೇ ಇರುತ್ತದೆ. ಅದಕ್ಕೇ ನಿಲ್ಲಿಸಿ ಇಡಬೇಕು, ಗಸಿ ತಳಕ್ಕೆ ಕೂರುತ್ತದೆ. ಭಾವ ಟಾರ್ಚ್ ಹಿಡಿದರು. ಗ್ಲಾಸ್ ಓರೆ ಮಾಡಿ ನಿಧಾನಕ್ಕೆ ಬಗ್ಗಿಸಿದೆ. ಕೊನೆಯ ಒಂದು ಬೆರಳಷ್ಟು ಬಾಟಲಿಯಲ್ಲೇ ಬಿಟ್ಟೆ. ಒಣದ್ರಾಕ್ಷಿ, ಬೆಲ್ಲದ ಪಾಕದ ವಾಸನೆ! ಹೊಸದರಲ್ಲಿದ್ದ ಖಾರ ಇಳಿದು ಎಷ್ಟು ಮೆತ್ತಗಾಗಿತ್ತು ಗೊತ್ತಾ?

ಎಲ್ಲವನ್ನೂ ಹೀಗೆ ಇಡೋಕಾಗಲ್ಲ. ಹಾಪ್ಸ್ ಅನ್ನೋ ಹೂವಿನ ಘಮ, ಕಹಿ ಜೋರಾಗಿರುವ ಐಪಿಎ ಬಿಯರ್ ಅಂದರೆ ನಮ್ಮ ಕಾಫಿಪುಡಿ ಇದ್ದ ಹಾಗೆ. ಅಮ್ಮ ವಾರಕ್ಕಾಗುವಷ್ಟೇ ಪುಡಿ ಮಾಡಿಸುತ್ತಾರಲ್ವಾ, ಘಮ ಹೋಗಬಾರದು ಅಂತ. ಐಪಿಎ ತರುವಾಗಲೂ ತಾರೀಕು ನೋಡಿ, ಹೊಸದನ್ನೇ ಕಮ್ಮಿ ತಂದು, ಫ್ರಿಜ್ಜಲ್ಲಿಟ್ಟು ಬೇಗ ಕುಡಿಯಬೇಕು. ಬಿಸಿಲಂತೂ ತಾಗಲೇಬಾರದು. ಬೆಳಕು ಬಿದ್ದರೆ ಹಾಪ್ಸ್‌ನ ಅಂಶ ಕೆಟ್ಟು ನಾರುತ್ತದೆ. ಕಂದು ಗಾಜು ಅದನ್ನು ಚೆನ್ನಾಗಿ ತಡೆಯುತ್ತದೆ, ಹಸಿರು ಗಾಜು ಅಷ್ಟು ತಡೆಯಲ್ಲ. ಕಿಟಕಿ ಪಕ್ಕ ಇಟ್ಟಿದ್ದ ಒಂದು ಹಸಿರು ಬಾಟಲಿಯನ್ನು ಪೂರ್ತಿ ಸಿಂಕಿಗೆ ಸುರಿದಿದ್ದೇನೆ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಈ ಮೂರು ವರ್ಷದಲ್ಲಿ ಎಷ್ಟೋ ಸಲ ಆ ಕಪಾಟು ತೆಗೆದಿದ್ದೆ. ಒಬ್ಬನೇ ಕುಡಿಯೋಕೆ ಮನಸ್ಸೇ ಬರಲಿಲ್ಲ. ಭಾವ ಖಾಲಿ ಗ್ಲಾಸ್ ಮೂಸುತ್ತಾ ಸುಮ್ನೆ ಮಳೆ ನೋಡುತ್ತಿದ್ದರು.