ರಾಣಿಪುರಂಗೆ ಹೊರಡುವ ಮೊದಲು ಶೂವಿನ ಅಟ್ಟೆ ಒತ್ತಿ ನೋಡಿ

ಕಾಸರಗೋಡು ಜಿಲ್ಲೆಯ ರಾಣಿಪುರಂ ಬೆಟ್ಟದಲ್ಲಿ ಶೋಲಾ ಕಾಡು, ಅಂದರೆ ಕಣಿವೆಯ ದಟ್ಟ ಕಾಡು, ದಾಟಿ ಹುಲ್ಲುಗಾವಲಿಗೆ ಕಾಲಿಡುವಷ್ಟರಲ್ಲಿ ನನ್ನ ಎಡ ಶೂವಿನ ಅಟ್ಟೆ ಹಿಮ್ಮಡಿಯಿಂದ ಕಳಚಿ ಪಟಪಟ ಬಡಿಯತೊಡಗಿತು. ಅರ್ಧ ಬೆಲೆಗೆ ಬಂತೆಂದು ಮಂಗಳೂರಿನ ಒಂದು ಅಂಗಡಿಯಲ್ಲಿ ಕೊಂಡ ಟ್ರೆಕ್ಕಿಂಗ್ ಶೂ, ಹಾಕಿದ್ದು ಅವತ್ತೇ ಮೊದಲು. ಬಿಚ್ಚಿ ನೋಡಿದರೆ ಅಟ್ಟೆಗೂ ಚರ್ಮಕ್ಕೂ ನಡುವಿನ ಮೆತ್ತನೆಯ ಪದರ ಹಳೇ ರಸ್ಕಿನ ಹಾಗೆ ಬೆರಳಲ್ಲೇ ಪುಡಿಯಾಯಿತು.

"ಭಾವ, ಇದು ಪೆಟ್ಟಿಗೆಯಲ್ಲೇ ಸತ್ತ ಶೂ" ಎಂದರು ಜೊತೆಗಿದ್ದ ಬದಿಯಡ್ಕದ ಭಾವ. ಬ್ಯಾಗಿಗೆ ಕಟ್ಟಿದ್ದ ಪ್ಲಾಸ್ಟಿಕ್ ಹಗ್ಗ ಬಿಚ್ಚಿ ಪಾದದ ಸುತ್ತ ಮೂರು ಸುತ್ತು ಬಿಗಿದುಕೊಟ್ಟರು. ತುದಿ ನೋಡುವ ಆಸೆ ಬಿಟ್ಟು ಇಳಿದೆವು.

ಆ ಪದರ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ನೊರೆ. ಗಾಳಿಯ ತೇವ ಅದನ್ನು ಒಳಗಿಂದಲೇ ಒಡೆಯುತ್ತದೆ, ಹಾಕದೆ ಇಟ್ಟರೂ ಬಿಡುವುದಿಲ್ಲ. ವರ್ಷಗಟ್ಟಲೆ ಗೋದಾಮಿನಲ್ಲಿ ಬಿದ್ದಿದ್ದ ಮಾಲನ್ನು ಹೊಸದೆಂದು ಕೊಟ್ಟಿದ್ದರು. ನನಗೆ ಆದ ಮೋಸ ಅದು. ನಮ್ಮ ಕಾಸರಗೋಡಿನ ಹವೆಯಲ್ಲಂತೂ ಅಟ್ಟದ ಮೇಲೆ ಜೋಪಾನವಾಗಿ ಎತ್ತಿಟ್ಟ ಶೂವನ್ನು ನಂಬಬೇಡಿ. ಕೊಳ್ಳುವಾಗ ತಯಾರಾದ ತಿಂಗಳು, ವರ್ಷ ಕೇಳಿ. ಆ ಪದರಕ್ಕೆ ಉಗುರು ಒತ್ತಿ, ಬಿರುಕೋ ಜಿಗುಟೋ ಕಂಡರೆ ಬೇಡ ಅನ್ನಿ. ಇವಿಎ ಎಂಬ ಇನ್ನೊಂದು ಬಗೆಯ ಪ್ಲಾಸ್ಟಿಕ್ ನೊರೆಯ ಪದರದ್ದಾದರೆ ಈ ಕಾಟ ಇಲ್ಲ, ಆದರೆ ಅದು ಬೇಗ ಚಪ್ಪಟೆಯಾಗುತ್ತದೆ.

ಹಳಬರು ಮಾಡತ್ತುಮಲೆ ಅನ್ನುವ ಈ ಬೆಟ್ಟಕ್ಕೆ ಒಂದು ದಿನ ಹೋಗಿಬರುವುದಾದರೆ ದುಬಾರಿ ಬೂಟು ಬೇಕೇ ಇಲ್ಲ. ದಾರಿಯಲ್ಲಿ ಕಂಡ ಕೆಲಸದವರ ಕಾಲಲ್ಲಿ ಇದ್ದದ್ದು ಒಂದೇ ಅಚ್ಚಿನಲ್ಲಿ ಎರೆದ ಮುಳ್ಳಟ್ಟೆಯ ರಬ್ಬರ್ ಶೂ. ಅಂಟೇ ಇಲ್ಲದ ಮೇಲೆ ಬಿಡುವುದೇನು? ಒದ್ದೆ ಬೇರಿನ ಮೇಲೂ ಅವರು ಜಾರಲಿಲ್ಲ. ಎರಡು ಮೂರು ದಿನ ಹತ್ತು ಕಿಲೋ ಹೊತ್ತು ನಡೆಯುವವರಿಗೆ ಮಾತ್ರ ಗಟ್ಟಿ ಅಟ್ಟೆ, ಹರಡು ಹಿಡಿಯುವ ಎತ್ತರ ಬೇಕು. ಸಂಜೆ ಹೊತ್ತು, ಕಾಲು ಬಾತಿರುವಾಗ, ದಪ್ಪ ಕಾಲುಚೀಲ ಹಾಕಿಯೇ ಅಳತೆ ನೋಡಿ. ಹೆಬ್ಬೆರಳಿನ ಮುಂದೆ ಒಂದು ಬೆರಳು ಜಾಗ ಇರಲಿ. ಇಲ್ಲದಿದ್ದರೆ ಇಳಿಜಾರಿನಲ್ಲಿ ಉಗುರು ಕಪ್ಪಾಗಿ ಬಿದ್ದುಹೋಗುತ್ತದೆ. ನೀರು ಹೋಗದ ಬೂಟು ಅಂತ ಮಳೆಗಾಲಕ್ಕೆ ಕೊಳ್ಳಬೇಡಿ: ಕಣಕಾಲಿನಿಂದ ಇಳಿದ ನೀರು ಹೊರಗೂ ಹೋಗುವುದಿಲ್ಲ. ಇಂಬಳಕ್ಕೆ ಉಪ್ಪಿನ ಪೊಟ್ಟಣ ಜೇಬಿನಲ್ಲಿರಲಿ.

ಕಾಞಂಗಾಡಿಗೆ ಮರಳುವ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ, ಶನಿವಾರ ಭಾನುವಾರ ಹೋಗಲೇಬೇಡಿ.

ಆದರೆ ಪಾಣತ್ತೂರು ರಸ್ತೆಯ ಬದಿಯ ತಗಡಿನ ಮಾಡಿನ ಹೋಟೆಲು! ಕುಚ್ಚಲಕ್ಕಿ ಗಂಜಿ, ತೆಂಗಿನಕಾಯಿ ಹಾಕಿದ ಹೆಸರುಕಾಳಿನ ಪಲ್ಯ, ಸುಟ್ಟ ಮೆಣಸಿನ ಚಟ್ನಿ, ಕಾಂತಾರಿ ಮೆಣಸಿನ ಉಪ್ಪಿನಕಾಯಿ. ಅಮ್ಮ ಒಬ್ಬರೇ ಬಡಿಸುತ್ತಿದ್ದರು. ಗಂಜಿ ತಟ್ಟೆ ತಳ ಕಾಣುವ ಮೊದಲೇ ಸೌಟು ಹಿಡಿದು ಬಂದರು. ಮೂರು ಸಲ ಹಾಕಿಸಿಕೊಂಡೆ. ಇಬ್ಬರಿಗೆ ಸೇರಿ ನೂರು ರೂಪಾಯಿ. ಹಗ್ಗ ಕಟ್ಟಿದ ನನ್ನ ಕಾಲು ನೋಡಿ, ಒಳಗಿಂದ ಒಂದು ಜೊತೆ ಹವಾಯಿ ಚಪ್ಪಲಿ ತಂದು ಮುಂದಿಟ್ಟರು. ದುಡ್ಡು ಎಷ್ಟು ಹೇಳಿದರೂ ತೆಗೆದುಕೊಳ್ಳಲಿಲ್ಲ.